ಅಮ್ಮನ ಕೈಗೆ ನೀವು ಅಂಟಿಸಿದ ಬೆರಳು

ಮಾನ್ಯ ಪ್ರದರ್ಶನಾಧಿಕಾರಿಗಳೇ,

ನನ್ನ ಅಮ್ಮನಿಗೆ ಇಲ್ಲದ ಬೆರಳೊಂದನ್ನು ನೀವು ದಯಪಾಲಿಸಿದ್ದೀರಿ. ಅದನ್ನು ದಯವಿಟ್ಟು ವಾಪಸು ತೆಗೆದುಕೊಳ್ಳಿ. ಎದುರು ನಿಂತು ಹೇಳಿದ್ದಾಯಿತು, ನಿಮಗೆ ಕೇಳಿಸಲಿಲ್ಲ. ಆದ್ದರಿಂದ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನಿಮ್ಮ ವಿದ್ಯಾರ್ಥಿ ಕಲಾಪ್ರದರ್ಶನದ ವಿಷಯ ‘ಒಂದು ಜಗತ್ತು, ಸಮಾನ ನ್ಯಾಯ’. ಒಂಬತ್ತನೇ ತರಗತಿಯ ನನ್ನ ತಂಗಿ ಒಂದು ಅಂಗಿ ಹಾದುಹೋಗುವ ಕೈಗಳನ್ನು ಪ್ಲಾಸ್ಟರಿನಲ್ಲಿ ಅಚ್ಚು ಮಾಡಿ ಇಡಲು ಹೊರಟಳು. ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಅಮ್ಮನ ಕೈ ಇಲ್ಲಿನದು. ಅಂಗಿ ಮಾರುವ ಅಂಗಡಿಯವಳ ಕೈ, ತೊಡುವ ಹುಡುಗನ ಕೈ ತಂಗಿಯ ಶಾಲೆಯೊಂದಿಗೆ ಜೋಡಿಯಾಗಿರುವ ಕಡಲಾಚೆಯ ಜೊತೆಶಾಲೆಯ ಮಕ್ಕಳು ಕಳಿಸಿದ್ದು. ಮೂರರ ಬೆರಳಿಗೂ ಸುತ್ತಿದ್ದು ಒಂದೇ ಕೆಂಪು ದಾರ. ಅಮ್ಮನ ತೋರುಬೆರಳು ಅರ್ಧಕ್ಕೇ ನಿಲ್ಲುತ್ತದೆ. ದಾರ ಅಲ್ಲಿ ಜಾರಿ ಜೋತುಬೀಳುತ್ತಿತ್ತು. ತಂಗಿ ಬೇಕೆಂದೇ ಹಾಗೆ ಬಿಟ್ಟಿದ್ದಳು.

ಉದ್ಘಾಟನೆಯ ದಿನ ಹೋಗಿ ನೋಡಿದರೆ ಬೆರಳು ಪೂರ್ತಿ ಬೆಳೆದಿದೆ! ತುದಿಗೆ ಉಗುರು ಬೇರೆ. ದಾರ ಬಿಗಿಯಾಗಿ ಸುತ್ತಿಕೊಂಡಿದೆ. ಅಮ್ಮ ತನ್ನ ಕೈಯನ್ನು ಅದರ ಪಕ್ಕ ಹಿಡಿದು ನಕ್ಕಳು: “ನೋಡೇ, ಇಷ್ಟು ಚೆಂದದ ಉಗುರು ನನ್ನ ಮದುವೇಲೂ ಇರ್ಲಿಲ್ಲ.” ತಂಗಿ ನಗಲಿಲ್ಲ.

“ಸಾಗಿಸುವಾಗ ಮುರಿದಿದೆ ಅಂದ್ಕೊಂಡು ಸರಿಮಾಡಿಸಿದ್ವಿ” ಎಂದಿರಿ. ಇರಲಿ, ತಪ್ಪು ತಿಳಿಯುವುದು ಅಪರಾಧವಲ್ಲ. “ಮುರಿದಿಲ್ಲ ಸಾರ್, ಅಮ್ಮನ ಬೆರಳೇ ಹಾಗಿರೋದು” ಎಂದೆ. ಪಕ್ಕದಲ್ಲೇ ನಿಂತಿದ್ದ ಅಮ್ಮನ ಕೈಯನ್ನು ನೋಡಿದಿರಿ. ನೋಡಿಯೂ ಹೇಳಿದಿರಿ: “ಬಿಡಪ್ಪ, ಈಗ್ಲೇ ಲಕ್ಷಣವಾಗಿದೆ. ಅದಿರ್ಲಿ, ನೀನು ಯಾವ ಕ್ಲಾಸು?” ಯಾವ ಕ್ಲಾಸೂ ಇಲ್ಲ ಎಂದೆ. ಅಲ್ಲಿಗೆ ಮಾತು ಮುಗಿಯಿತು.

ಹೌದು, ಹತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವನು ನಾನು. ಯಾರೂ ಬಿಡಿಸಲಿಲ್ಲ, ಬೆಂಚಿನ ಮೇಲೆ ಕೂರಲು ನನ್ನಿಂದ ಆಗಲಿಲ್ಲ. ಆದರೆ ಕಣ್ಣೆದುರಿನ ಬೆರಳು ಅರ್ಧವೋ ಪೂರ್ತಿಯೋ ಎಂದು ಹೇಳಲು ಯಾವ ಪರೀಕ್ಷೆ ಪಾಸಾಗಬೇಕು? ಕಾರ್ಖಾನೆಯೇ ಬೆರಳು ಕತ್ತರಿಸಿತು ಎಂದು ಬರೆದರೆ ಪತ್ರಕ್ಕೆ ಖಾರ ಬರುತ್ತದೆ, ಆದರೆ ಸುಳ್ಳಾಗುತ್ತದೆ. ಬೆರಳು ಸಿಕ್ಕದಂತೆ ಯಂತ್ರದ ಅಲಗಿಗಿದ್ದ ತಡೆಯನ್ನು ಬಿಚ್ಚಿಟ್ಟವಳು ಅಮ್ಮನೇ. ಅದಿದ್ದರೆ ಕೈ ಓಡುವುದಿಲ್ಲ. ಕೈ ಓಡದಿದ್ದರೆ ಸೂಪರ್‌ವೈಸರ್ ಸುಮ್ಮನಿರುವುದಿಲ್ಲ, ಕಡಲಾಚೆಯ ಅಂಗಡಿ ಕಾಯುವುದಿಲ್ಲ. ಅಷ್ಟು ಅವಸರ ಯಾರಿಗಿತ್ತು? ಜೋತುಬಿದ್ದ ದಾರ ಕೇಳುತ್ತಿದ್ದುದು ಅದನ್ನೇ. ನೀವು ಆ ಪ್ರಶ್ನೆಯ ಬಾಯಿಗೆ ಪ್ಲಾಸ್ಟರ್ ಮೆತ್ತಿದಿರಿ.

ಮುಂದಿನ ವಾರ ಆ ಕೈಗಳು ಜೊತೆಶಾಲೆಗೆ ಹೊರಡುತ್ತವೆ. ಅಂಗಿ ತೊಡುವ ಹುಡುಗ ಅಲ್ಲಿ ಅಮ್ಮನ ಕೈ ನೋಡಲಿದ್ದಾನೆ. ಅವನಿಗೆ ಸುಳ್ಳು ಕಳಿಸಬೇಡಿ. ಪೆಟ್ಟಿಗೆಗೆ ಮೊಳೆ ಹೊಡೆಯುವ ಮುನ್ನ ತಂಗಿಯ ಕೈಯಲ್ಲೇ ಆ ತುದಿಯನ್ನು ತೆಗೆಸಿ. ಆಗದಿದ್ದರೆ ಕೈಯನ್ನೇ ನಮಗೆ ಮರಳಿಸಿ. ಅದೂ ಆಗದಿದ್ದರೆ ಅಮ್ಮ ರಜೆ ಹಾಕಿ ಬಂದು, ನಿಮ್ಮ ಪ್ರದರ್ಶನದ ಮೇಜಿನ ಪಕ್ಕ ಕೈ ಚಾಚಿ ನಿಲ್ಲುತ್ತಾಳಂತೆ. “ಬಂದವ್ರು ಎರಡನ್ನೂ ನೋಡ್ಲಿ. ಯಾವುದು ಮುರಿದಿದೆ ಅಂತ ಅವ್ರೇ ಹೇಳ್ಲಿ” ಎಂದಿದ್ದಾಳೆ.

ಆ ಕೈಗೆ ಮೆತ್ತುವಷ್ಟು ಪ್ಲಾಸ್ಟರ್ ನಿಮ್ಮಲ್ಲಿ ಉಳಿದಿದೆಯೇ?

ಇಂತಿ,
ವಿಧೇಯನಾಗಲು ನೋಡಿ ಸೋತ,
ಒಂಬತ್ತೂವರೆ ಬೆರಳಿನವಳ ಒಂಬತ್ತೂವರೆ ತರಗತಿಯ ಮಗ