ಅಮ್ಮಿ ಮೆಚ್ಚಿದ ಧ್ವನಿ

ಶಹಾಪುರ
೨೦ ನವೆಂಬರ್ ೨೦೨೪

ಪ್ರೀತಿಯ ಪಂಚಶೀಲಾ,

ಯಾದಗಿರಿಯಲ್ಲಿ ನೀನು, ನಿನ್ನ ಶಾಲೆ, ನಿನ್ನ ಗದ್ದಲದ ಏಳನೆಯ ತರಗತಿ ಎಲ್ಲ ಕ್ಷೇಮ ತಾನೆ? ನಾನು ಕ್ಷೇಮವೋ ಅಲ್ಲವೋ ನನಗೇ ತಿಳಿಯುತ್ತಿಲ್ಲ, ಅದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ನಗಲು ಶುರು ಮಾಡುತ್ತೀ. ಕಾಗದದಲ್ಲಾದರೆ ಪೂರ್ತಿ ಓದಿದ ಮೇಲೆ ನಗು.

ಕಲಬುರಗಿಯ ನಿನ್ನ ಗೆಳೆಯರು ಫೋನಿನಲ್ಲಿ ಕೇಳುವ ಧಾರಾವಾಹಿ ಮಾಡುತ್ತೇವೆ, ಹೆಣ್ಣು ಧ್ವನಿ ಬೇಕು ಎಂದಾಗ ನನ್ನ ಹೆಸರು ಕಳಿಸಿದವಳು ನೀನೇ. ಭೂಮಿಗೆ ಮರಳುವ ದಾರಿ ತಪ್ಪಿದ ಬಾಹ್ಯಾಕಾಶದ ಹಡಗು, ಅದರೊಳಗೆ ಐದು ಜನ, ಅವರನ್ನು ಕಾಯುವ ಕಂಪ್ಯೂಟರು ಮೇಧಾ. ನಾಯಕಿಯ ಪಾತ್ರ ಸಿಗುತ್ತದೆ ಎಂದು ಕಾದವಳಿಗೆ ಕಂಪ್ಯೂಟರಿನ ಪಾತ್ರ ಸಿಕ್ಕಿತು. ಮೊದಲ ದಿನ ನಾನು ಓದಿದ್ದನ್ನು ಕೇಳಿ ನಿರ್ದೇಶಕ ಬಸವಕುಮಾರ, "ಮೇಡಂ, ಹಿಂಗ ಮಾತಾಡಿದ್ರ ಹಡಗು ಶಹಾಪುರ ಬಸ್‌ಸ್ಟ್ಯಾಂಡಿನಾಗ ನಿಂತಂಗ ಆಗ್ತದ್ರಿ. ಪುಸ್ತಕದಾಗ ಇದ್ದಂಗ ಹೇಳ್ರಿ" ಎಂದ. ನೂರಾರು ವರ್ಷ ಮುಂದಿನ ಯಂತ್ರ ನಮ್ಮ ಮಾತು ಆಡಿದರೆ ಏನು ಕೆಟ್ಟೀತು? ನನಗೆ ಈಗಲೂ ಅರ್ಥವಾಗಿಲ್ಲ. ಕಾಲೇಜಿನ ದಿನಗಳಲ್ಲಿ ಟಾಕೀಸಿನಲ್ಲಿ ಬಾಹ್ಯಾಕಾಶದ ಸಿನಿಮಾ ನೋಡುತ್ತ ಕೂತು, "ಅಲ್ಲಿ ಗಾಳಿನೇ ಇಲ್ಲ, ಸಪ್ಪಳ ಎಲ್ಲಿಂದ ಬಂತು?" ಎಂದು ನೀನು ಕೂಗಿ ಮುಂದಿನ ಸಾಲಿನವರಿಂದ ಬೈಸಿಕೊಂಡೆಯಲ್ಲ, ಹಾಗೆ ನನಗೂ ಕೂಗಬೇಕೆನ್ನಿಸಿತು. ಕೂಗಲಿಲ್ಲ. ಪುಸ್ತಕದಂತೆ ಓದಿದೆ.

ಮಧ್ಯಾಹ್ನ ನನ್ನ ಗಂಡ ಗಯಾಸ ಹತ್ತಿ ಮಿಲ್ಲಿನಲ್ಲಿರುವ ಹೊತ್ತಿಗೆ ನಾನು ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು, ಓಣಿಯ ಸದ್ದು ಬಾರದಂತೆ ತಲೆತುಂಬ ಕೌದಿ ಹೊದ್ದು, ಫೋನಿಗೆ ಬಾಯಿ ಹಚ್ಚಿ ಮೇಧಾ ಆಗುತ್ತಿದ್ದೆ. ಅವನಿಗೆ ಗೊತ್ತಿತ್ತು. ಅತ್ತೆಗೆ, ಅಂದರೆ ಖಾಜಾಬೀ ಅಮ್ಮಿಗೆ, ಹೇಳಿರಲಿಲ್ಲ. ಬಚ್ಚಿಡಬೇಕೆಂದಲ್ಲ, ಎರಡು ಕಂತಿಗೇ ನಿಂತುಹೋಗುವುದಕ್ಕೆ ಯಾಕೆ ಡಂಗುರ ಎಂದುಕೊಂಡೆ. ಅದು ನಿಲ್ಲಲಿಲ್ಲ. ಅಷ್ಟರಲ್ಲಿ ಸುರಪುರದಿಂದ ಬಂದಿದ್ದ ನಾದಿನಿ ನುಜ್ಹತ ಅಮ್ಮಿಯ ಫೋನಿಗೆ ಅದನ್ನೇ ಹಾಕಿಕೊಟ್ಟು ಹೋದಳು.

ಧ್ವನಿ ಗುರುತು ಹತ್ತಲಿಲ್ಲವೇ ಎನ್ನುತ್ತೀ. ಬಸವಕುಮಾರ ನನ್ನ ಮಾತಿಗೆ ಬಾವಿಯೊಳಗಿನ ಗುಂಯ್‌ಗುಡುವಿಕೆ ಸೇರಿಸುತ್ತಾನೆ. ಮನೆಯಲ್ಲಿ ನಾವು ಆಡುವುದು ಉರ್ದು, ನನ್ನ ಪುಸ್ತಕದ ಕನ್ನಡವನ್ನು ಅಮ್ಮಿ ಕೇಳಿಯೇ ಇಲ್ಲ. ಕೊನೆಯಲ್ಲಿ ಹೆಸರು ಹೇಳುವ ಹೊತ್ತಿಗೆ ಅವರು ಫೋನು ಬಂದ್ ಮಾಡಿರುತ್ತಾರೆ.

ಜೋಳ ಹಸನು ಮಾಡುತ್ತ, ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿಟ್ಟು ಕೇಳುತ್ತಿದ್ದರು. ಒಂದು ದಿನ ನನ್ನನ್ನು ಕರೆದು, ಈ ಹುಡುಗಿಯನ್ನು ನೋಡಿ ಕಲಿ, ಹಡಗಿಗೆ ಬೆಂಕಿ ಬಿದ್ದರೂ ದನಿ ಏರಿಸುವುದಿಲ್ಲ, ನೀನಾದರೋ 'ಚಹಾ ಕುಡಿಯಿರಿ' ಎಂದರೂ ಕಲ್ಲು ಒಗೆದಂತಿರುತ್ತದೆ ಎಂದರು. ಪಂಚಶೀಲಾ, ನನಗೆ ನನ್ನ ಮೇಲೆಯೇ ಹೊಟ್ಟೆಕಿಚ್ಚಾಯಿತು. ಇದಕ್ಕೆ ಯಾವ ಔಷಧ?

ಕಂತಿನ ಕೊನೆಗೆ ಕೇಳುಗರು ತಮ್ಮ ದನಿಯಲ್ಲೇ ಕಳಿಸಿದ ಪ್ರಶ್ನೆಗೆ ಮೇಧಾ ಉತ್ತರ ಹೇಳುವುದುಂಟು. ಮಕ್ಕಳೇ ಹೆಚ್ಚು. ನೀನು ಸ್ನಾನ ಮಾಡುತ್ತೀಯಾ, ಬಾಹ್ಯಾಕಾಶದಲ್ಲಿ ರೊಟ್ಟಿ ಉಬ್ಬುತ್ತದೆಯೇ, ಇಂಥವು. ಹೋದ ಗುರುವಾರ ಬಸವಕುಮಾರ ಕಳಿಸಿದ್ದನ್ನು ಕೌದಿಯೊಳಗೆ ಕೂತು ಒಂದೊಂದಾಗಿ ಕೇಳುತ್ತಿದ್ದಾಗ ಅಮ್ಮಿಯ ದನಿ ಬಂತು. ಅಚ್ಚ ಸಗರದ ಕನ್ನಡ, ಅವರ ತವರೂರಿನದು.

"ನಮಸ್ಕಾರವಾ ಮೇಧಾ. ಶಹಾಪುರದಿಂದ ಮಾತಾಡಾಕತ್ತೇನಿ, ಹೆಸರು ಬ್ಯಾಡ. ನಮ್ಮ ಸೊಸಿ ಚಲೋ ಅದಾಳ. ಆದ್ರ ಮಧ್ಯಾಹ್ನ ಆತಂದ್ರ ಬಾಗಲಾ ಹಾಕ್ಕೊಂಡು ಕೂಡ್ತಾಳ. ಕರದ್ರ ಓ ಅನ್ನಂಗಿಲ್ಲ. ಒಳಗ ಒಬ್ಬಾಕಿನೇ ಗುಣುಗುಣು ಅಂತಾಳ, ಅಳ್ತಾಳೇನೋ ಅನಸ್ತದ. ನನ್ನ ಮಾತು ಒರಟು, ನನಗ ಗೊತ್ತದ. ನಿನ್ನಂಗ ಮಾತಾಡಾಕ ಬರಂಗಿಲ್ಲ. ಆಕಿಗೆ ಹೆಂಗ ಕೇಳಲಿ, ನೀನರ ಹೇಳವಾ."

ಕೌದಿಯೊಳಗೆ ಬೆವರಿಳಿಯುತ್ತಿತ್ತು. ಮತ್ತೆ ಕೇಳಿದೆ. ಬಸವಕುಮಾರನಿಗೋ ಭಾರೀ ಖುಷಿ. "ಇದನ್ನೇ ತಗೋರಿ ಮೇಡಂ, ಕೇಳಿದವ್ರೆಲ್ಲಾ ಅಳ್ತಾರ" ಎಂದ. ಇದನ್ನು ಹಾಕಿದರೆ ನಿಮ್ಮ ಹಡಗು ಅಲ್ಲೇ ಕೆಟ್ಟು ನಿಲ್ಲುತ್ತದೆ, ಅಳಿಸಿಹಾಕಿರಿ ಎಂದೆ. ಆದರೆ ಅಮ್ಮಿಗೆ ಏನು ಹೇಳಲಿ? ಸೊಸೆಯನ್ನು ನೇರವಾಗಿ ಕೇಳಿರಿ ಎಂದು ಮೇಧಾ ಹೇಳಿದರೆ, ಅವರು ಬಂದು ನನ್ನನ್ನು ಕೇಳುತ್ತಾರೆ, ನಾನೇ ಮೇಧಾ ಎಂದು ನಾನು ಹೇಳಬೇಕು. ಹೇಳಿದರೆ ಕದ್ದು ಕೇಳಿದಂತೆ, ಹೇಳದಿದ್ದರೆ ಒಳಗೆ ಅಳುತ್ತಿದ್ದಂತೆ. ಗಯಾಸನನ್ನು ಕೇಳಿದೆ. ಹಡಗೂ ನಿನ್ನದು, ಅಮ್ಮಿಯೂ ನಿನ್ನವರು, ನನ್ನನ್ನು ನಡುವೆ ಎಳೆಯಬೇಡ ಎಂದು ಊಟದ ತಟ್ಟೆ ಹಿಡಿದು ಅಂಗಳಕ್ಕೆ ಹೋದ.

ಶನಿವಾರ ಮಧ್ಯಾಹ್ನ ಒಳಗೆ ಕೂತಿದ್ದೆ, ಬಾಗಿಲಾಚೆ ಅಮ್ಮಿಯ ಹೆಜ್ಜೆ ಬಂದು ನಿಂತಿತು. ತಟ್ಟಲಿಲ್ಲ, ಹೋಗಲೂ ಇಲ್ಲ. ಕೌದಿ ತಲೆಯ ಮೇಲಿದ್ದಂತೆಯೇ ಎದ್ದು ಬಾಗಿಲು ತೆರೆದೆ. ಚಹಾದ ಕಪ್ಪು ಹಿಡಿದು ನಿಂತಿದ್ದರು. ನನ್ನ ಬಾಯಿಂದ ಉರ್ದು ಹೊರಡಲೇ ಇಲ್ಲ, ಮೇಧಾ ಹೊರಟಳು.

"ತಾಯಿ, ಒಳಗೆ ಯಾರೂ ಅಳುತ್ತಿಲ್ಲ. ದಯವಿಟ್ಟು ಗಾಬರಿಯಾಗಬೇಡಿ."

ಅಮ್ಮಿ ಮೊದಲು ಸೊಂಟದಲ್ಲಿದ್ದ ಫೋನು ಮುಟ್ಟಿ ನೋಡಿಕೊಂಡರು. ಅದು ಬಂದ್ ಆಗಿತ್ತು. ಆಮೇಲೆ ನನ್ನ ಹಿಂದೆ ಕೋಣೆಯೊಳಗೆ ಇಣುಕಿದರು. ಯಾರೂ ಇಲ್ಲ.

"ಇನ್ನೊಮ್ಮೆ ಅನ್ನು" ಎಂದರು, ಕನ್ನಡದಲ್ಲಿ.

ಅಂದೆ. ಕಪ್ಪನ್ನು ಕೆಳಗಿಟ್ಟು ಹೊಸ್ತಿಲ ಮೇಲೆ ಕೂತುಬಿಟ್ಟರು.

"ಅಂದ್ರ ನಾ ಹೇಳಿದ್ದು ನೀ ಕೇಳೀದಿ?"

"ಕೇಳೀನ್ರಿ ಅಮ್ಮಿ."

"ಊರಿಗೆಲ್ಲಾ ಕೇಳಸ್ತೀರೇನು?"

"ಇಲ್ರಿ, ಅಳಿಸಿ ಹಾಕೀವಿ."

"ಕೇಳಿದ ಮ್ಯಾಲೂ ಸುಮ್ಮನ ಇದ್ದಿ" ಎಂದು ಎದ್ದು ಹೋದರು.

ಆಮೇಲೆ ನನ್ನೊಡನೆ ಮಾತಿಲ್ಲ. ಉಪ್ಪು ಬೇಕಿದ್ದರೂ ಗಯಾಸನ ಮೂಲಕ ಕೇಳುತ್ತಿದ್ದರು. ಹೊಸ ಕಂತು ಬಂದ ದಿನ ಫೋನು ಸಕ್ಕರೆ ಡಬ್ಬಿಯ ಬಳಿ ಸುಮ್ಮನೆ ಬಿದ್ದಿತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಕೇಳುವುದನ್ನೇ ಬಿಟ್ಟರಲ್ಲ, ಅದನ್ನು ತಡೆಯಲಾಗಲಿಲ್ಲ.

ನಿನ್ನೆ ಬೆಳಿಗ್ಗೆ ಅಡುಗೆಮನೆಗೆ ಬಂದು, ಗೋಡೆ ನೋಡುತ್ತ, "ಆ ಹುಡುಗಿನ್ನ ಕರಿ" ಎಂದರು.

ಯಾವ ಹುಡುಗಿ ಎಂದು ಕಕ್ಕಾಬಿಕ್ಕಿಯಾದೆ.

"ಮೇಧಾ. ಆಕಿ ಜೋಡಿ ಮಾತಾಡೂದದ."

ಒಲೆ ಸಣ್ಣ ಮಾಡಿ, ಗಂಟಲು ಸರಿಮಾಡಿಕೊಂಡು, "ಹೇಳಿ ತಾಯಿ, ಕೇಳುತ್ತಿದ್ದೇನೆ" ಎಂದೆ.

ಅಮ್ಮಿ ನನ್ನ ಮೇಲಿನ ದೂರೆಲ್ಲ ಹೇಳಿದರು. "ನಮ್ಮ ಸೊಸಿ ನನಗ ಮೊದಲ ಹೇಳಬೇಕಾಗಿತ್ತು. ಹೇಳಿದ್ರ ನಾ ಬ್ಯಾಡ ಅಂತಿದ್ದಿಲ್ಲ. ಓಣ್ಯಾಗಿನ ಗದ್ಲರ ನಿಂದ್ರಸ್ತಿದ್ದೆ. ಆ ಧಗ್ಯಾಗ ಕೌದಿ ಹೊಚಗೊಂಡು ಕುಂತಾಳ, ಜೀವಕ್ಕ ಏನರ ಆಗಿದ್ರ?" ಕಣ್ಣೊರೆಸಿಕೊಂಡು, "ಸಿಟ್ಟಿಲ್ಲಂತ ಆಕಿಗೆ ಹೇಳು" ಎಂದರು.

"ತಿಳಿಸುತ್ತೇನೆ ತಾಯಿ" ಎಂದೆ. ಅವರು ನಕ್ಕರು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ, ಸಾರು ಮಾತ್ರ ಉಕ್ಕಿ ಒಲೆಯ ಮೇಲೆ ಬಿತ್ತು.

ಈಗ ಮಧ್ಯಾಹ್ನ ನಾನು ಒಳಗೆ ಕೂತರೆ ಅವರು ಹೊರಬಾಗಿಲಲ್ಲಿ ಕಾವಲು. ಕಾಯಿಪಲ್ಲೆ ಮಾರುವ ಅಂಬಣ್ಣನಿಗೆ, "ಒದರಬ್ಯಾಡೋ, ಒಳಗ ಹಡಗು ಹೊಂಟದ" ಎಂದದ್ದು ನನ್ನ ದನಿಯ ಜೊತೆ ದಾಖಲಾಗಿಬಿಟ್ಟಿದೆ. ಬಸವಕುಮಾರ ತಲೆ ಕೆರೆದುಕೊಳ್ಳುತ್ತಿದ್ದಾನೆ. ಈಗ ಹೇಳು, ಅಮ್ಮಿ ಕ್ಷಮಿಸಿದ್ದು ನನ್ನನ್ನೋ ಮೇಧಾಳನ್ನೋ? ಇವತ್ತೂ ನನಗೆ, ಆ ಹುಡುಗಿಯಷ್ಟು ಮೆತ್ತಗೆ ಮಾತಾಡಲು ನಿನಗೆ ಯಾವಾಗ ಬರುತ್ತದೆ ಎಂದೇ ಕೇಳಿದರು. ತಮಾಷೆಯೋ ನಿಜವೋ ಮುಖ ನೋಡಿದರೆ ತಿಳಿಯುವುದಿಲ್ಲ.

ನಗುವುದಾದರೆ ಈಗ ನಗು.

ನಿನ್ನ ತಲೆಕೆಟ್ಟ ಗೆಳತಿ,
ಕಹಕಶಾ

ಮರೆತ ಮಾತು: ಕೊನೆಯ ಕಂತಿನ ಬರಹ ಇವತ್ತು ಕೈಸೇರಿತು. ಹಡಗು ಮನೆ ಮುಟ್ಟುತ್ತದಲ್ಲವೇ ಎಂದು ಊಟಕ್ಕೆ ಕೂತಾಗ ಅಮ್ಮಿ ಕೇಳಿದರು, ಮುಟ್ಟುತ್ತದೆ ಎಂದೆ. ಸುಳ್ಳೇನಲ್ಲ, ಐದೂ ಜನ ಮುಟ್ಟುತ್ತಾರೆ. ಆದರೆ ಅವರ ಉಸಿರಿಗೆ ವಿದ್ಯುತ್ತು ಉಳಿಸಲು ಮೇಧಾ ದಾರಿಯಲ್ಲೇ ತನ್ನನ್ನು ತಾನೇ ಬಂದ್ ಮಾಡಿಕೊಳ್ಳುತ್ತಾಳೆ. ಇದನ್ನು ಅಮ್ಮಿಗೆ ಹೇಳಿಲ್ಲ. ಮುಂದಿನ ವಾರ ಶುಕ್ರವಾರ ಮಧ್ಯಾಹ್ನ ಅದನ್ನು ಓದಬೇಕು, ಅವರು ಬಾಗಿಲಾಚೆ ಕಿವಿಗೊಟ್ಟು ಕೂತಿರುತ್ತಾರೆ. ರಜೆ ಹಾಕಿಯಾದರೂ ಬಾ, ಪಂಚಶೀಲಾ. ಆ ಹೊತ್ತಿಗೆ ಅವರ ಪಕ್ಕದಲ್ಲಿ ಯಾರಾದರೂ ಇರಬೇಕು.