ಬೆನ್ನೆಲುಬಿಗೆ ಹತ್ತಿದ ಅಂಟು

ಗಡಹಿಂಗ್ಲಜ
೧೧ ಜನವರಿ ೨೦೨೫

ಗೆಳೆಯ ಜಿನಗೊಂಡ,

ಇಲ್ಲ, ಮಗಳು ಸೋನಾಲಿಯ ಬೆನ್ನುನೋವು ಕೊಡ ಎತ್ತಿ ಬಂದದ್ದಲ್ಲ. ನಿನ್ನೆ ಫೋನಿನಲ್ಲಿ ನೀನು ಹಾಗೆಂದಾಗ ಹೂಂ ಅಂದುಬಿಟ್ಟೆ; ಮೊಮ್ಮಗಳು ರುತುಜಾ ಪಕ್ಕದಲ್ಲೇ ಓದುತ್ತಾ ಕೂತಿದ್ದಳು, ಅವಳಿಗಿನ್ನೂ ಏನೂ ಹೇಳಿಲ್ಲ. ದೀಪಾವಳಿಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ. ಬೈದುಕೋ, ಆದರೆ ಪೂರ್ತಿ ಓದು. ನಿನ್ನ ಮೊಣಕಾಲು ಹೇಗಿದೆ? ಕೊರೋಚಿಯಲ್ಲಿ ಈಗಲೂ ಬೆಳಿಗ್ಗೆ ನಡೆಯಲು ಹೋಗುತ್ತೀಯಾ?

ಎರಡು ವರ್ಷದ ಹಿಂದೆ ಮಗಳ ಎಡ ಎದೆ ತೆಗೆದಾಗ ಎಲ್ಲ ಮುಗಿಯಿತು ಅಂದುಕೊಂಡಿದ್ದೆವಲ್ಲ. ಮುಗಿದಿಲ್ಲ. ಕ್ಯಾನ್ಸರ್ ಬೆನ್ನೆಲುಬಿಗೆ ಬಂದಿದೆ. ಬುಧವಾರ ಕೊಲ್ಹಾಪುರದಲ್ಲಿ ಡಾಕ್ಟರ್ ವಂದನಾ ಸ್ಕ್ಯಾನಿನ ಫೋಟೋ ತೋರಿಸಿದರು. ಎದೆಯದು ಬೆನ್ನಿಗೆ ಹೇಗೆ ಹೋಯಿತು ಅಂತ ಕೇಳಿದೆ. ಮರಾಠಿಯವರಾದರೂ ನಮ್ಮ ಜೊತೆ ಕನ್ನಡವನ್ನೇ ಆಡುತ್ತಾರೆ.

"ಕಾಕಾ, ಆ ಜೀವಕೋಶದ ಮೈಮ್ಯಾಲೆ ಅಂಟಿನಂಥಾ ಪ್ರೋಟೀನ್ ಇರತಾವ್ರಿ. ಮೊದಲಿನ ಜಾಗಾ ಬಿಟ್ಟು ರಕ್ತದಾಗ ಹರಕೋತ ಹೋಗಿ, ಎಲ್ಲೆರೆ ಹಿಡಿತ ಸಿಕ್ಕರ ಅಲ್ಲೇ ಅಂಟಿಕೊಂಡು ಕುಂಡ್ರತಾವು."

ನಮ್ಮ ಕಾಲೇಜಿನ ಫಿಸಿಕ್ಸ್ ನೆನಪಾಯಿತು. ಅಡ್ಹೀಷನ್ ಈಸ್ ದಿ ಫೋರ್ಸ್ ಬಿಟ್ವೀನ್ ಅನ್‌ಲೈಕ್ ಮಾಲಿಕ್ಯೂಲ್ಸ್, ಅಂಟು ಅಂದರೆ ಬೇರೆ ಬೇರೆ ಜಾತಿಯ ಅಣುಗಳ ನಡುವಿನ ಸೆಳೆತ. ಅದರ ಮುಂದಿನ ಸಾಲು ನಿನಗೆ ಬರುತ್ತಿತ್ತು, ನನಗೆ ಆಗಲೂ ಬರುತ್ತಿರಲಿಲ್ಲ. ನನಗೆ ಗೊತ್ತಿರುವ ಅಂಟು ಅಂದರೆ ಇಚಲಕರಂಜಿಯ ಸೈಜಿಂಗ್ ಗಿರಣಿಯಲ್ಲಿ ನಾವಿಬ್ಬರೂ ಮೂವತ್ತು ವರ್ಷ ಹಾಸಿನ ನೂಲಿಗೆ ಕುಡಿಸಿದ ಗಂಜಿ. ಬಟ್ಟೆ ನೇಯ್ದಾದ ಮೇಲೆ ಸೋಡಾ ಹಾಕಿ ಕುದಿಸಿದರೆ ಅದು ಬಿಡುತ್ತದೆ. ಇದನ್ನೂ ಹಾಗೆ ಬಿಡಿಸಲು ಬರುವುದಿಲ್ಲವೇ ಅಂತ ಕೇಳಿಯೇಬಿಟ್ಟೆ.

ಸೋನಾಲಿ ನಕ್ಕಳು. "ಅಪ್ಪಾ, ದವಾಖಾನಿಗೂ ಸೈಜಿಂಗ್ ತಂದ್ಯಾ? ನನ್ನ ಸೋಡಾದಾಗ ಕುದಸ್ತಿ ಏನು?"

ಡಾಕ್ಟರ್ ನಗಲಿಲ್ಲ. "ಅಂಥಾ ಔಷಧಕ್ಕ ಸಂಶೋಧನಾ ನಡದೈತ್ರಿ. ಆದ್ರ ಛಲೋ ಜೀವಕೋಶಕ್ಕೂ ಅಂಟು ಬೇಕಲ್ಲ ಕಾಕಾ. ಎಲ್ಲಾ ಬಿಡಿಸಿದ್ರ ಮನಷ್ಯಾ ಉಳೀಬೇಕಲ್ಲ." ಈಗ ಕೊಡುವ ಇಂಜೆಕ್ಷನ್ ರೋಗವನ್ನು ತಡೆದು ಹಿಡಿಯಬಹುದು, ತೆಗೆದುಹಾಕುವುದಿಲ್ಲ ಅಂದರು. ಎಷ್ಟು ದಿನ ಅಂತ ಸೋನಾಲಿಯೇ ಕೇಳಿದಳು. ಅವರು ಮುಂದಿನ ಇಂಜೆಕ್ಷನ್ನಿನ ತಾರೀಖು ಬರೆದುಕೊಟ್ಟರು.

ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ನನ್ನನ್ನೇ ಕೂರಿಸಿದಳು. ನಾನು ಏನು ಮಾಡಬಲ್ಲೆ ಹೇಳು. ಚೀಲ ಹಿಡಿದುಕೊಂಡಿದ್ದೆ, ಅಷ್ಟೇ.

ನಿನ್ನ ಮನೆಯವರೆಲ್ಲ ಆರೋಗ್ಯವಾಗಿರಲಿ. ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸು.

ನಿನ್ನ
ರಾವಸಾಹೇಬ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದೊಂದು. ನನ್ನ ಹೆಂಡತಿ ಕಲ್ಲವ್ವ ಕಾಮಾಲೆಯಿಂದ ಹೋದಳು ಅಂತ ನಿನಗೂ ಹೇಳಿದ್ದೆ. ಸುಳ್ಳು. ಅವಳಿಗೂ ಎದೆಯ ಕ್ಯಾನ್ಸರೇ ಆಗಿತ್ತು. ಆಗ ಸೋನಾಲಿಗೆ ಗಂಡು ನೋಡುತ್ತಿದ್ದೆವು. "ಪೋರಿ ಲಗ್ನಾ ಆಗೂತನಾ ಯಾರ ಮುಂದೂ ಅನಬ್ಯಾಡ್ರಿ, ಆಕಿ ಮುಂದೂ" ಅಂದಿದ್ದಳು. ಬಾಗಿಲು ಹಾಕಿಕೊಂಡು ನಾನೇ ಗಾಯದ ಪಟ್ಟಿ ಬದಲಿಸುತ್ತಿದ್ದೆ. ಲಗ್ನವಾಗಿ ಹದಿನಾರು ವರ್ಷವಾಯಿತು, ನಾನು ಬಾಯಿ ಬಿಡಲಿಲ್ಲ. ಗೊತ್ತಿದ್ದಿದ್ದರೆ ಮಗಳು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿಕೊಳ್ಳುತ್ತಿದ್ದಳು. ಗಂಟು ಕೈಗೆ ಸಿಕ್ಕಾಗಲೇ ನೆಲ್ಲಿಕಾಯಿಯಷ್ಟಿತ್ತು.

ಬುಧವಾರ ಡಾಕ್ಟರ್ ಮತ್ತೆ ಕೇಳಿದರು, "ಮನ್ಯಾಗ ಮತ್ತ ಯಾರಿಗರೆ ಆಗಿತ್ತೇನ್ರಿ? ರುತುಜಾನ ಸಲವಾಗಿ ಕೇಳಾಕತ್ತೇನಿ."

"ಇಲ್ರಿ, ನಮ್ಮವ್ವಗ ಕಾಮಾಲಿ ಆಗಿತ್ತು. ಬೇಕಾರ ಅಪ್ಪಗ ಕೇಳ್ರಿ" ಅಂದಳು ಸೋನಾಲಿ. ಇಬ್ಬರೂ ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.

ಈಗ ಹಿತ್ತಲಲ್ಲಿ ಅವಳು ರುತುಜಾಳ ತಲೆ ಬಾಚುತ್ತಿದ್ದಾಳೆ. "ಅಲಗ್ಯಾಡಬ್ಯಾಡ, ದೀಪಾ ಹಚ್ಚೂದ್ರಾಗ ಮುಗಸ್ತೇನಿ" ಅನ್ನುವುದು ಕೇಳಿಸುತ್ತಿದೆ. ಎದ್ದು ಹೋಗಿ ನಿಜ ಹೇಳಲು ಹತ್ತು ಹೆಜ್ಜೆ. ಈ ಸಾಲು ಬರೆಯುವಷ್ಟರಲ್ಲೇ ಎರಡು ಸಲ ಏಳಲು ನೋಡಿದೆ. ಬೆಳಕು ಹೋಗುತ್ತಿದೆ ಜಿನಗೊಂಡ, ಅಕ್ಷರ ಕಾಣಿಸು—