‘ಕಕ್ಷೆ’ಗೆ ಇಬ್ಬರು ಬೇಕು

ಬೆನಿಫೋಸ್ಕ್, ವೆಲೆನ್ಸಿಯಾ ಸೀಮೆ
ನವೆಂಬರ್ ೧೨

ಬತಿಸ್ತೆ ಮಹಾರಾಯನಿಗೆ,

ಹೆಂಡತಿಯ ಕಾಗದ ನೋಡಿ ಗಾಬರಿಯಾಗಬೇಡ, ಜಗಳ ಮುಂದುವರಿಸಲು ಬರೆದದ್ದಲ್ಲ. ಫೋನು ಮಾಡಿದರೆ ಅರ್ಧಕ್ಕೇ ಇಟ್ಟುಬಿಡುತ್ತೀಯ. ಕಾಗದವಾದರೆ ಕೊನೆಯತನಕ ಓದುತ್ತೀಯ, ನನಗೆ ಗೊತ್ತು.

ನೀನು ಮನೆ ಬಿಟ್ಟು ತಮ್ಮನ ಮನೆ ಸೇರಿದ್ದನ್ನು ಊರು ಎಂದೋ ಮರೆಯಿತು. ನಮ್ಮ ಹಳೇ ಬ್ಯಾಂಡು ಬಿಟ್ಟು ಹೊಸ ಬ್ಯಾಂಡಿನಲ್ಲಿ ಹೋಗಿ ಕೂತೆಯಲ್ಲ, ಅದನ್ನು ಮಾತ್ರ ಯಾರೂ ಮರೆತಿಲ್ಲ. ಬೇಕರಿಯ ರೆಮೇಯ್ ಈಗಲೂ ನಿನ್ನ ಹೆಸರೆತ್ತಿದರೆ ಬ್ರೆಡ್ಡನ್ನು ಮೇಜಿನ ಮೇಲೆ ಕುಕ್ಕುತ್ತಾಳೆ.

ವಿಷಯಕ್ಕೆ ಬರುತ್ತೇನೆ. ನಮ್ಮ ಹೊಸ ನಿರ್ದೇಶಕಿ ನೇಲಾ, ನಮ್ಮ ವಾದ್ಯಗಾರರ ಸಂತ ಸಿಸಿಲಿಯಾ ಹಬ್ಬದ ಕಛೇರಿಗೆಂದು ತಾನೇ ಒಂದು ಕೃತಿ ಬರೆದಿದ್ದಾಳೆ. ಹೆಸರು ‘ಕಕ್ಷೆ’. ಮೊದಲು ರಾಕೆಟ್ ಮೇಲೇಳುತ್ತದೆ, ಡ್ರಮ್ಮುಗಳ ಅಬ್ಬರಕ್ಕೆ ಕಿಟಕಿ ಗಾಜು ಅದುರುತ್ತದೆ. ಆಮೇಲೆ ಎಲ್ಲವೂ ಸುಮ್ಮನೆ. ಕೆಳಗೆ ದೊಡ್ಡ ಕಹಳೆಗಳು, ಅಂದರೆ ನಮ್ಮ ಎರಡು ಟ್ಯೂಬಾಗಳು, ಒಂದೇ ಮಂದ್ರಸ್ವರ ಹಿಡಿದಿರಬೇಕು. ಮೇಲೆ ಕೊಳಲುಗಳು ಸುತ್ತುತ್ತಾ ಸುತ್ತುತ್ತಾ ಹೋಗುತ್ತವೆ. ಏನು ಚೆಂದ ಅಂತೀಯ! ಮೊದಲ ದಿನ ಕೇಳಿ ಅತ್ತುಬಿಟ್ಟೆ.

ನೇಲಾ ಹೇಳಿದಳು: “ಕಕ್ಷೆ ಅಂದ್ರೆ ನೌಕೆ ಬೀಳ್ತಾನೇ ಇರುತ್ತೆ ಎಂಪಾರಕ್ಕ, ನೆಲ ಮಾತ್ರ ಸಿಗಲ್ಲ. ನಿಮ್ಮ ಸ್ವರ ನಿಂತ್ರೆ ನೆಲ ಸಿಕ್ತು ಅಂತ್ಲೇ ಲೆಕ್ಕ.”

ಈಗ ದಿನಾ ನೆಲ ಸಿಗುತ್ತಿದೆ. ನಿನ್ನ ಕುರ್ಚಿಯಲ್ಲಿ ಕೂತ ಅಂಚೆಯ ಕ್ವೆಲೊ ಒಳ್ಳೆಯವನೇ, ಆದರೆ ನಾನು ಉಸಿರೆಳೆಯುವಾಗಲೇ ಅವನಿಗೂ ಉಸಿರು ಬೇಕು. ನೌಕೆ ಧೊಪ್ಪನೆ ಬೀಳುತ್ತದೆ. ನೀನಿದ್ದಾಗ ನಾವು ಒಮ್ಮೆಯೂ ಮಾತಾಡಿಕೊಂಡವರಲ್ಲ, ಆದರೂ ಒಬ್ಬರು ಉಸಿರೆಳೆದರೆ ಇನ್ನೊಬ್ಬರು ಸ್ವರ ಹಿಡಿದಿರುತ್ತಿದ್ದೆವು. ಮನೆಯಲ್ಲಿ ಮಾತ್ರ ಇಬ್ಬರೂ ಒಟ್ಟಿಗೇ ಬಾಯಿ ತೆಗೆಯುತ್ತಿದ್ದೆವು.

ಬ್ಯಾಂಡಿನ ಸಮಿತಿಯ ಮುಂದೆ ನಿನ್ನ ಹೆಸರು ನಾನೇ ಎತ್ತಿದೆ. ಅಧ್ಯಕ್ಷ ಸೆಂಟೊ ಮೀಸೆ ತಿರುವಿ, “ಬರ್ಲಿ. ಆದ್ರೆ ಬಿಟ್ಟು ಹೋದವನು ಹೊಸಬನೇ, ಮಕ್ಕಳ ಜೊತೆ ಮೆರವಣಿಗೇಲೇ ಬರ್ಬೇಕು” ಅಂದ. ಹಬ್ಬದ ಭಾನುವಾರ ಇಡೀ ಬ್ಯಾಂಡು ನುಡಿಸುತ್ತಾ ಹೊಸಬರ ಮನೆಮನೆಗೆ ಹೋಗಿ ಕರೆತರುತ್ತದಲ್ಲ, ಆ ಸಾಲಿನಲ್ಲಿ ಚಿಳ್ಳೆಪಿಳ್ಳೆಗಳ ನಡುವೆ ನೀನು, ನಿನ್ನ ಹೊಟ್ಟೆ, ನಿನ್ನ ಟ್ಯೂಬಾ. ಊರು ನಗುತ್ತದೆ. ನಗಲಿ ಬಿಡು, ನಾನೂ ನಗುತ್ತೇನೆ. ಕಛೇರಿ ಅಂದೇ ಸಂಜೆ. ಒಂದೇ ಸ್ವರಕ್ಕೆ ನಿನಗೆ ಅಭ್ಯಾಸವೇನೂ ಬೇಕಿಲ್ಲ.

ಬ್ಯಾಂಡಿಗೆ ಕರೆಯುತ್ತಿದ್ದೇನೆ, ಅಷ್ಟೇ. ಏನೇನೋ ಅರ್ಥ ಮಾಡಿಕೊಂಡು ಬೀಗಬೇಡ. ನೀನು ಬಂದೇ ಬರುತ್ತೀಯ. ಅಂಥ ಸ್ವರವನ್ನು ಬೇರೆಯವರ ಬಾಯಿಗೆ ಬಿಟ್ಟುಕೊಡುವ ಆಸಾಮಿಯಲ್ಲ ನೀನು.

ಇಂತಿ, ನಿನ್ನ ಬಲಗಡೆ ಕುರ್ಚಿಯ
ಎಂಪಾರ್

ತಾ.ಕ.: ಹೊಸಬರ ವಿಳಾಸ ಕೇಳುವಾಗ ಸೆಂಟೊ ನಿನ್ನದೂ ಕೇಳಿದ. ನಿನ್ನ ತಮ್ಮನ ಮನೆಯದಲ್ಲ, ನಮ್ಮ ಮನೆಯದು ಕೊಟ್ಟೆ. ಬೆಳಿಗ್ಗೆ ಬ್ಯಾಂಡು ಬಂದು ಬಾಗಿಲ ಮುಂದೆ ನಿಂತಾಗ ನಾನು ಅವರ ಜೊತೆ ಬೀದಿಯಲ್ಲಿ ನುಡಿಸುತ್ತಿರುತ್ತೇನೆ. ಒಳಗಿನಿಂದ ಬಾಗಿಲು ತೆಗೆಯಲು ಒಬ್ಬರು ಇರಬೇಕಲ್ಲ. ಶನಿವಾರ ಸಂಜೆಗೇ ಬಂದುಬಿಡು.